ಅಮ್ಮ ಕಟ್ಟಿದ ತಾಮ್ರ ಕೆರೆಯುವ ಮಿಷನ್ನು

ನಮ್ಮ ಮನೆಯಲ್ಲಿ ಎಂಟು ತಿಂಗಳು ಎರಡು ಒಲೆ ಉರಿದವು. ಅಡಿಗೆಮನೆಯಲ್ಲಿ ಅಮ್ಮನ ಗ್ಯಾಸ್ ಒಲೆ, ಮುಂದಿನ ಕೋಣೆಯ ಕಿಟಕಿಯ ಕೆಳಗೆ ಪದ್ಮತ್ತೆಯ ಸೀಮೆಎಣ್ಣೆ ಸ್ಟವ್. ಹೊಸನಗರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿದ್ದ ಬಾಡಿಗೆ ಮನೆ ಅದು. ರೈಲು ಡಬ್ಬಿಯ ಹಾಗೆ ಉದ್ದಕ್ಕೆ ಕೋಣೆಗಳು, ಪಕ್ಕದಲ್ಲೊಂದು ಪ್ಯಾಸೇಜು, ಕೊನೆಗೆ ಬಚ್ಚಲು. ಬೆಳಿಗ್ಗೆ ಏಳರ ಬಸ್ಸು ಹಾರ್ನ್ ಹೊಡೆದರೆ ನಮ್ಮ ಪಾತ್ರೆಗಳು ನಡುಗುತ್ತಿದ್ದವು. ಅಪ್ಪ ಅದೇ ಬಸ್ಸಿನ ಕಂಡಕ್ಟರು. ಸಾಗರ, ಹೊಸನಗರ, ತೀರ್ಥಹಳ್ಳಿ ಎಂದು ದಿನವೆಲ್ಲ ಓಡಾಡಿ ಸಂಜೆ ಬೆವರು ಮತ್ತು ಡೀಸೆಲ್ ವಾಸನೆ ಹೊತ್ತುಕೊಂಡು ಬರುತ್ತಿದ್ದರು. ಪದ್ಮತ್ತೆ ಅಪ್ಪನ ಅಕ್ಕ. ಮದುವೆಯಾಗಲಿಲ್ಲ. ಅಂಗನವಾಡಿಯಲ್ಲಿ ಕೆಲಸ, ಮುಂದಿನ ಕೋಣೆಯಲ್ಲಿ ವಾಸ. ನಮ್ಮದು ಜೈನರ ಮನೆ, ಆದರೆ ವ್ರತ ನಿಯಮಗಳನ್ನೆಲ್ಲ ನಮ್ಮ ಪಾಲಿಗೂ ಸೇರಿಸಿ ಅವರೊಬ್ಬರೇ ಮಾಡುತ್ತಿದ್ದರು. ಸೂರ್ಯ ಮುಳುಗುವ ಮೊದಲು ಊಟ. ಬಾವಿಯ ನೀರನ್ನು ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿ, ಆ ಬಟ್ಟೆಯನ್ನು ಮಗುಚಿ, ಮತ್ತೆ ಬಾವಿಗೇ ನೀರು ಬೀಳುವ ಹಾಗೆ ತೊಳೆಯುತ್ತಿದ್ದರು. ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳು ಬಂದಲ್ಲಿಗೇ ಹೋಗಿ ಸೇರಬೇಕು ಅಂತ. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಏನೂ ಕಾಣುತ್ತಿರಲಿಲ್ಲ. ಆದರೂ ಅವರ ಕೈ ಆ ಬಟ್ಟೆಯನ್ನು ಹಿಡಿಯುವ ರೀತಿ ನೋಡಿದರೆ ಅದರಲ್ಲಿ ಏನೋ ಇದೆ ಅಂತಲೇ ಅನ್ನಿಸುತ್ತಿತ್ತು.

ಅಮ್ಮನ ಕೈಗಳು ಬೇರೆ ಥರ. ಬೆರಳ ತುದಿಗಳಲ್ಲಿ ಯಾವಾಗಲೂ ಕಂದು ಕಲೆ. ಅವಳು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವಳು. ಕರೆಂಟು ಬಂದ ಕೂಡಲೇ ಪಂಪು ತಾನಾಗಿ ಚಾಲೂ ಆಗುವ ಪೆಟ್ಟಿಗೆ ಇರುತ್ತದಲ್ಲ, ಅದರೊಳಗಿನ ಬೋರ್ಡುಗಳನ್ನು ಮನೆಯಲ್ಲೇ ಮಾಡಿ ಸಾಗರದ ಒಂದು ಅಂಗಡಿಗೆ ಕೊಡುತ್ತಿದ್ದಳು. ತಾಮ್ರದ ಹಾಳೆ ಅಂಟಿಸಿದ ಬೋರ್ಡಿನ ಮೇಲೆ ಇಸ್ತ್ರಿ ಪೆಟ್ಟಿಗೆಯಿಂದ ಗೆರೆಗಳ ಚಿತ್ರವನ್ನು ಒತ್ತಿ ಇಳಿಸುವುದು, ಆಮೇಲೆ ಅದನ್ನು ಪ್ಲಾಸ್ಟಿಕ್ ಟಬ್ಬಿನಲ್ಲಿ ಫೆರಿಕ್ ಕ್ಲೋರೈಡಿಗೆ ಹಾಕಿ ಟಬ್ಬನ್ನು ಮೆಲ್ಲಗೆ ತೂಗಾಡಿಸುವುದು. ನಾವೆಲ್ಲ ಅದಕ್ಕೆ ಆಸಿಡ್ ಅನ್ನುತ್ತಿದ್ದೆವು. ಗೆರೆ ಇರುವ ಕಡೆ ತಾಮ್ರ ಉಳಿದು, ಮಿಕ್ಕಿದ್ದೆಲ್ಲ ಆ ಬೆಲ್ಲದ ಪಾಕದ ಬಣ್ಣದ ನೀರಿನಲ್ಲಿ ಕರಗಿ ಹೋಗುತ್ತಿತ್ತು. ಕೆಲಸ ಮುಗಿದ ನೀರು ವಿಷ. ಅಮ್ಮನಿಗೆ ಅದು ಚೆನ್ನಾಗಿ ಗೊತ್ತಿತ್ತು. ಹಿತ್ತಿಲ ಮೂಲೆಯಲ್ಲಿ ಮುಚ್ಚಳವಿದ್ದ ನೀಲಿ ಡ್ರಮ್ಮಿನಲ್ಲಿ ಸುಣ್ಣ ಕಲಸಿಟ್ಟು, ಹಳೆಯ ಆಸಿಡ್ಡನ್ನು ಅದಕ್ಕೇ ಸುರಿದು, ತಳದಲ್ಲಿ ಕೂತ ಕೆಸರನ್ನು ಸಿಮೆಂಟಿಗೆ ಬೆರೆಸಿ ಗಟ್ಟಿ ಮಾಡಿಡುತ್ತಿದ್ದಳು. ಕ್ಯಾನನ್ನು ಬಚ್ಚಲಿನಿಂದ ಡ್ರಮ್ಮಿನವರೆಗೆ ಒಯ್ದು ಸುರಿಯುವುದು ನನ್ನ ಕೆಲಸ. ಕೈಗೆ ರಬ್ಬರ್ ಗ್ಲೌಸ್ ಹಾಕಿಸಿ, ಅದರ ಪಟ್ಟಿಯನ್ನು ತಾನೇ ಎಳೆದು ನೋಡಿ ಕಳಿಸುತ್ತಿದ್ದಳು.

ಶಾಲೆ ಶುರುವಾದ ಹೊಸತು. ನಾನು ಆರನೇ ಕ್ಲಾಸು. ಎದುರುಮನೆಯ ಗೆಳತಿಗೆ ಹೊಸ ಸೈಕಲ್ ಬಂದಿತ್ತು. ಗೇಟಿನ ಹತ್ತಿರ ನಿಂತು, ಬರ್ತೀಯೋ ಇಲ್ಲವೋ, ಇಲ್ಲದಿದ್ದರೆ ಬೇರೆಯವರಿಗೆ ಕೊಡ್ತೀನಿ ಅಂತ ಗಂಟೆ ಬಾರಿಸುತ್ತಿದ್ದಳು. ನನ್ನ ಕೈಯಲ್ಲಿ ಆಸಿಡ್ಡಿನ ಕ್ಯಾನು. ಡ್ರಮ್ಮಿನ ಮುಚ್ಚಳದ ಮೇಲೆ ಅಮ್ಮ ಕಲ್ಲು ಹೇರಿಟ್ಟಿದ್ದಳು. ಅದನ್ನು ಇಳಿಸಬೇಕು, ಮುಚ್ಚಳ ತೆಗೆಯಬೇಕು, ಮೆಲ್ಲಗೆ ಸುರಿಯಬೇಕು, ಕೋಲಿನಿಂದ ಕಲಸಬೇಕು. ನಾನು ಹಿಂದೆ ಮುಂದೆ ನೋಡಿ ಬಚ್ಚಲ ಹಿಂದಿನ ಮೋರಿಗೆ ಅಷ್ಟನ್ನೂ ಸುರಿದುಬಿಟ್ಟೆ. ಒಂದು ಬಕೆಟ್ ನೀರು ಹಾಕಿ ತೊಳೆದೆ. ಗ್ಲೌಸ್ ಬಿಚ್ಚಿ ಓಡಿದೆ. ಆ ಸೈಕಲ್ ಮೇಲೆ ನಾನು ಎರಡು ಸುತ್ತು ಹೊಡೆದೆ.

ಮೋರಿಯ ನೀರು ಹಿತ್ತಿಲ ತಗ್ಗಿನ ಸಣ್ಣ ಹೊಂಡಕ್ಕೆ ಹೋಗುತ್ತಿತ್ತು. ಮರುದಿನ ಬೆಳಿಗ್ಗೆ ಪದ್ಮತ್ತೆ ಅಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದರು. ಹೊಂಡದ ತುಂಬ ಗೊದಮೊಟ್ಟೆಗಳು ಸಾಸಿವೆ ಚೆಲ್ಲಿದ ಹಾಗೆ ಮೇಲಕ್ಕೆ ಬಂದು ನಿಂತಿದ್ದವು. ಕಪ್ಪೆಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅತ್ತೆ ಕೂಗಾಡಲಿಲ್ಲ. ಅಂಗನವಾಡಿಗೆ ಹೋಗಲಿಲ್ಲ. ಸೋಸುವ ಬಟ್ಟೆಯಿಂದಲೇ ಒಂದೊಂದನ್ನೂ ಎತ್ತಿ, ಗುಂಡಿ ತೋಡಿ ಮುಚ್ಚಿದರು. ಮಧ್ಯಾಹ್ನ ಕೈ ತೊಳೆದುಕೊಂಡು ಅಡಿಗೆಮನೆಯ ಬಾಗಿಲಲ್ಲಿ ನಿಂತರು.

"ಸುಜಾತಾ, ಇನ್ನು ಈ ಮನೇಲಿ ನಂಗೆ ಅನ್ನ ನೀರು ಬೇಡ."

"ಅಕ್ಕಾ, ನಾನು ಬೇಕಂತ ಮಾಡಿದ್ನಾ? ಡ್ರಮ್ಮಿಗೇ ಹಾಕ್ಸೋದು ಯಾವಾಗ್ಲೂ. ಪ್ರಭಾ, ನಿನ್ನೆ ಡ್ರಮ್ಮಿಗೆ ಹಾಕಿದ್ಯಲ್ಲ?"

"ಹ್ಞೂಂ. ಹಾಕ್ದೆ."

ಎರಡೇ ಶಬ್ದ. ಅಮ್ಮ ಅದನ್ನು ತಿರುಗಿ ಕೇಳಲಿಲ್ಲ. ನನ್ನ ಮೇಲೆ ಅವಳಿಗೆ ಅನುಮಾನವೇ ಬರಲಿಲ್ಲ. ಹೋಗಿ ಡ್ರಮ್ಮನ್ನು ಸುತ್ತ ಸವರಿ ನೋಡಿದಳು. ತಳದ ಹತ್ತಿರ ಕೂದಲಿನಷ್ಟು ಸಣ್ಣ ಬಿರುಕು ಸಿಕ್ಕಿತು. ಅಲ್ಲೇ ಕೂತಳು.

"ಸೋರಿದೆ. ನಂದೇ ತಪ್ಪು. ನೋಡ್ಕೊಳ್ಳಬೇಕಿತ್ತು."

ಆವತ್ತಿನಿಂದ ಅಮ್ಮ ಆಸಿಡ್ ಮುಟ್ಟಲಿಲ್ಲ. ಅಂಗಡಿಯವರು ಬೋರ್ಡು ಕೇಳಿ ಅಪ್ಪನ ಕೈಯಲ್ಲಿ ಚೀಟಿ ಕಳಿಸಿದರೆ ಓದಿ ಮಡಚಿಡುತ್ತಿದ್ದಳು. ಪದ್ಮತ್ತೆ ಮೂರು ಮನೆ ಆಚೆಯ ಬಾವಿಯಿಂದ ನೀರು ತಂದು, ತನ್ನ ಕೋಣೆಯಲ್ಲೇ ಬೇಯಿಸಿಕೊಳ್ಳತೊಡಗಿದರು. ಇಬ್ಬರೂ ಒಂದೇ ಪ್ಯಾಸೇಜಿನಲ್ಲಿ ಎದುರಾದರೆ ಗೋಡೆಗೆ ಸರಿದು ದಾರಿ ಬಿಡುತ್ತಿದ್ದರು. ಮಾತೆಲ್ಲ ನನ್ನ ಮೂಲಕ.

"ಪ್ರಭಾ, ಗ್ಯಾಸಿನವನು ಬಂದಿದ್ದ ಅಂತ ನಿಮ್ಮಮ್ಮಂಗೆ ಹೇಳು."

ಅಮ್ಮ ಎರಡಡಿ ದೂರದಲ್ಲೇ ನಿಂತಿರುತ್ತಿದ್ದಳು. ನಾನು ತಿರುಗಿ, "ಅಮ್ಮ, ಗ್ಯಾಸಿನವನು ಬಂದಿದ್ನಂತೆ" ಅನ್ನುತ್ತಿದ್ದೆ. "ಸರಿ ಅಂತ ಹೇಳು" ಅನ್ನುತ್ತಿದ್ದಳು. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಅದೂ ನಿಂತಿತು. ಅಪ್ಪ ಎರಡೂ ಕಡೆ ಸ್ವಲ್ಪ ಸ್ವಲ್ಪ ಉಣ್ಣುತ್ತಿದ್ದರು. ಅಕ್ಕನ ಕೋಣೆಯಲ್ಲಿ ಒಂದು ಚಪಾತಿ, ಒಳಗೆ ಬಂದು ಅನ್ನ. ಎಲ್ಲೂ ಹೊಟ್ಟೆ ತುಂಬುತ್ತಿರಲಿಲ್ಲ ಅಂತ ಈಗ ಅನ್ನಿಸುತ್ತದೆ.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂತು. ಹತ್ತು ದಿನದ ವ್ರತ ಮುಗಿದ ಮೇಲೆ ಒಬ್ಬರಿಗೊಬ್ಬರು ಕೈ ಮುಗಿದು ಕ್ಷಮೆ ಕೇಳುವ ದಿನ. ಆ ದಿನ ನಾವೆಲ್ಲ ಅಪ್ಪನ ಪರಿಚಯದ ಬಸ್ಸಿನಲ್ಲಿ ಹುಂಚಕ್ಕೆ ಹೋಗಿದ್ದೆವು. ಬಸದಿಯ ಅಂಗಳದಲ್ಲಿ ಗುರುತಿನವರು, ಗುರುತಿಲ್ಲದವರು ಎಲ್ಲ ಒಬ್ಬರೆದುರು ಒಬ್ಬರು ಬಾಗುತ್ತಿದ್ದರು. ಪದ್ಮತ್ತೆ ಕ್ಷಮೆಯ ಮಾತನ್ನು ಅಪ್ಪನಿಗೆ ಹೇಳಿದರು, ನನಗೆ ಹೇಳಿದರು. ಅಮ್ಮನ ಎದುರು ನಿಂತು, ಅವಳ ಹೆಗಲ ಮೇಲಿಂದ ಕಂಬವನ್ನು ನೋಡುತ್ತ, ತಿಳಿದೋ ತಿಳಿಯದೆಯೋ ಮನಸ್ಸಿಗೆ ನೋವು ಮಾಡಿದ್ದರೆ ಕ್ಷಮಿಸು ಅಂದರು. ಅಮ್ಮ ಬಗ್ಗಿ ಅವರ ಕಾಲು ಹಿಡಿದುಕೊಂಡಳು.

"ಗೊತ್ತಿದ್ದು ಮಾಡಿದ್ದಲ್ಲ ಅಕ್ಕಾ."

"ಗೊತ್ತಿಲ್ದೇ ಮಾಡಿದ್ರೂ ಸತ್ತಿದ್ದು ಸತ್ತಿದ್ದೇ ಅಲ್ವಾ ಸುಜಾತಾ."

ಆಮೇಲೆ ನನ್ನ ಸರದಿ. ನಾನು ಅಮ್ಮನ ಎದುರು ನಿಂತೆ. ಕೈ ಮುಗಿದೆ. ಬಾಯಿಪಾಠ ಬಂದ ಮಾತನ್ನು ಒಪ್ಪಿಸಿದೆ. ಅಮ್ಮ ನನ್ನ ಕೆನ್ನೆ ಸವರಿ, "ನೀನು ಎಂತ ಮಾಡಿದ್ದಿ ಪುಟ್ಟಿ, ನಿಂಗೆಂತ ಕ್ಷಮೆ" ಅಂದಳು. ಹೇಳುವುದಿದ್ದರೆ ಅದೇ ಸಮಯ. ಬಾಯಿ ತೆರೆದಿದ್ದೆ ಕೂಡ. ಅಷ್ಟರಲ್ಲಿ ಯಾರೋ ಊಟಕ್ಕೆ ಕರೆದರು. ನಾನು ಊಟಕ್ಕೆ ಹೋದೆ.

ಹುಂಚದಿಂದ ಬಂದ ವಾರದಲ್ಲಿ ಅಮ್ಮ ಅಪ್ಪನ ಎದುರು ಒಂದು ಚಿತ್ರ ಹಾಸಿದಳು. ಆಸಿಡ್ ಇಲ್ಲದೆ ಬೋರ್ಡು ಮಾಡುವ ಮಿಷನ್ನು. ಕಂಪ್ಯೂಟರಿನಲ್ಲಿ ಚಿತ್ರ ಬರೆದುಕೊಟ್ಟರೆ ಸೂಜಿಯಂಥ ಒಂದು ಬಿಟ್ಟು, ಅಂದರೆ ಕೊರೆಯುವ ಮೊನೆ, ತಿರುಗುತ್ತ, ಆಚೆ ಈಚೆ, ಹಿಂದೆ ಮುಂದೆ ಓಡಾಡಿ, ಬೇಡದ ಕಡೆ ತಾಮ್ರವನ್ನು ಕೆರೆದು ತೆಗೆಯುತ್ತದೆ. ಸಿಎನ್‌ಸಿ ಅಂತ ಹೆಸರು. ಫ್ಯಾಕ್ಟರಿಯವರು ತರಿಸುವಂಥದ್ದು. ನಾವು ಕೊಳ್ಳುವ ಮಾತೇ ಇರಲಿಲ್ಲ. ಅಮ್ಮ ಹಳೆಯ ಕ್ಲಾಸ್‌ಮೇಟ್ ಒಬ್ಬಳಿಗೆ ಫೋನು ಮಾಡಿ, ಸೈಬರ್ ಸೆಂಟರಿನಲ್ಲಿ ಗಂಟೆಗಟ್ಟಲೆ ಕೂತು, ಗುಜರಿ ಸಾಮಾನಿನಲ್ಲೇ ಇದನ್ನು ಕಟ್ಟಬಹುದು ಎಂದು ತಿಳಿದುಕೊಂಡು ಬಂದಿದ್ದಳು.

"ಆಗ್ತದಾ ನಿನ್ ಕೈಲಿ?" ಅಪ್ಪ ಕೇಳಿದರು.

"ಆಗ್ದಿದ್ರೆ ಬೋರ್ಡಿನ ಕೆಲ್ಸಾನೇ ಬಿಡ್ತೀನಿ. ಆಸಿಡ್ ಮಾತ್ರ ಇನ್ನು ಈ ಮನೆಗೆ ಬರಲ್ಲ."

ಅಂದಿನಿಂದ ಅಪ್ಪನ ಬಸ್ಸು ನಮ್ಮ ಸಾಮಾನು ಸಾಗಿಸತೊಡಗಿತು. ಸಾಗರದ ಗುಜರಿಯಿಂದ ಎರಡು ಹಳೆಯ ಪ್ರಿಂಟರು ಬಂದವು. ಯಾವುದೋ ಕಚೇರಿಯಲ್ಲಿ ಪಹಣಿಯೋ ಏನೋ ಮುದ್ರಿಸಿ ಸವೆದವು. ಅಮ್ಮ ಅವುಗಳ ಹೊಟ್ಟೆ ಬಗೆದು ಮೋಟರು, ನುಣುಪಾದ ಸರಳುಗಳನ್ನು ತೆಗೆದಿಟ್ಟುಕೊಂಡಳು. ತೀರ್ಥಹಳ್ಳಿಯ ಬಡಗಿಯೊಬ್ಬರು ಟೇಬಲ್ ಡ್ರಾಯರಿಗೆ ಹಾಕುವ ಜಾರುಪಟ್ಟಿಗಳನ್ನು ಕೊಟ್ಟರು. ತಿರುಪಿನ ಸುತ್ತುಳ್ಳ ಸರಳು ಹಾರ್ಡ್‌ವೇರ್ ಅಂಗಡಿಯದು, ಹಳೆಯ ಕಂಪ್ಯೂಟರು ಆ ಕ್ಲಾಸ್‌ಮೇಟ್ ಕಳಿಸಿದ್ದು. ತಳಕ್ಕೆ ಅಮ್ಮ ತನ್ನ ಹೊಲಿಗೆ ಮಿಷನ್ನನ್ನೇ ಬಿಚ್ಚಿದಳು. ಅದು ಅವಳ ತವರಿನವರು ಮದುವೆಯಲ್ಲಿ ಕೊಟ್ಟದ್ದು. ಮಿಷನ್ನಿನ ತಲೆಯನ್ನು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ, ಕಬ್ಬಿಣದ ಕಾಲು ಮತ್ತು ಹಲಗೆಯನ್ನು ಪ್ಯಾಸೇಜಿನಲ್ಲಿ ನಿಲ್ಲಿಸಿದಳು. ಜಾಗ ಇದ್ದದ್ದು ಅಲ್ಲೇ. ಪದ್ಮತ್ತೆ ಬಚ್ಚಲಿಗೆ ಹೋಗಬೇಕಾದರೆ ಸೀರೆ ಸೆರಗು ಒತ್ತಿಕೊಂಡು ಓರೆಯಾಗಿ ದಾಟಬೇಕಿತ್ತು. ಒಂದು ದಿನವೂ ಅದೇನು ಅಂತ ಕೇಳಲಿಲ್ಲ.

ಮೊದಲ ಸಲ ಅದು ಅಲುಗಾಡಿದ ದಿನ ನಾವು ಮೂವರೂ ಉಸಿರು ಬಿಗಿಹಿಡಿದು ನಿಂತಿದ್ದೆವು. ಬಿಟ್ಟು ತಾಮ್ರಕ್ಕೆ ತಗುಲಿ ಕೀರ್ ಎಂದು ಒಂದು ಹೊಳೆಯುವ ಗೆರೆ ಎಳೆಯಿತು. ಅಪ್ಪ ಚಪ್ಪಾಳೆ ತಟ್ಟಿದರು. ಅರ್ಧ ಬೋರ್ಡು ದಾಟುವಷ್ಟರಲ್ಲಿ ಗೆರೆ ತೆಳ್ಳಗಾಗಿ, ಕೊನೆಗೆ ಬಿಟ್ಟು ಗಾಳಿಯಲ್ಲೇ ತಿರುಗುತ್ತಿತ್ತು. ಇನ್ನೊಂದು ಮೂಲೆಯಲ್ಲಿ ಬೋರ್ಡನ್ನೇ ಕೊರೆದು ಕೆಳಗಿನ ಹಲಗೆಗೆ ಇಳಿಯಿತು. ತಾಮ್ರದ ಹಾಳೆ ಕೂದಲಿಗಿಂತ ತೆಳು. ಹಲಗೆ ಒಂದು ಕಡೆ ಒಂದಿಷ್ಟೇ ಉಬ್ಬಿದ್ದರೂ ಮುಗಿಯಿತು. ಅಮ್ಮ ಹಲಗೆ ಹೆರೆದಳು, ಕೆಳಗೆ ರಟ್ಟು ಕೊಟ್ಟಳು, ಪ್ಯಾಸೇಜಿನ ನೆಲವೇ ಓರೆ ಅಂತ ಕಾಲಿಗೆ ಹಂಚಿನ ಚೂರು ಇಟ್ಟಳು. ಇವತ್ತು ಸರಿಯಾದದ್ದು ನಾಳೆಗೆ ಇಲ್ಲ. ಒಂದೊಂದು ಬಿಟ್ಟು ಮುರಿದಾಗಲೂ ಅದನ್ನು ಬೆಂಕಿಪೊಟ್ಟಣದಲ್ಲಿ ಹಾಕಿಡುತ್ತಿದ್ದಳು. ಕೊನೆಗೆ ಅಪ್ಪ ಆನಂದಪುರದಿಂದ ಒಂದು ಗ್ರಾನೈಟ್ ತುಂಡು ತಂದರು. ಯಾರದೋ ಹೊಸ ಮನೆಯ ಅಡಿಗೆಕಟ್ಟೆಯಲ್ಲಿ ಸಿಂಕು ಕೂರಿಸಲು ಕೊರೆದು ತೆಗೆದದ್ದು. ಕಲ್ಲು ಉಬ್ಬುವುದಿಲ್ಲ. ಮತ್ತೆ ಎಲ್ಲ ಬಿಚ್ಚಿ ಕಲ್ಲಿನ ಮೇಲೆ ಕಟ್ಟಿದಳು. ಬಿಟ್ಟಿಗೊಂದು ವಯರು, ತಾಮ್ರಕ್ಕೊಂದು ವಯರು ಕೊಟ್ಟು, ಬಿಟ್ಟಿನ ತುದಿ ತಾಮ್ರವನ್ನು ಮುಟ್ಟಿದ ಕ್ಷಣಕ್ಕೆ ಒಂದು ಕೆಂಪು ದೀಪ ಹತ್ತುವ ಹಾಗೆ ಮಾಡಿದಳು. ಹಾಗೆ ಜಾಗಜಾಗದಲ್ಲಿ ಮುಟ್ಟಿಸಿ, ಎಲ್ಲಿ ಎತ್ತರ ಎಲ್ಲಿ ತಗ್ಗು ಎಂದು ನನ್ನ ಹತ್ತಿರ ಬರೆಸಿ, ಅದಕ್ಕೆ ತಕ್ಕ ಹಾಗೆ ಬಿಟ್ಟು ಇಳಿಯುವ ಆಳವನ್ನು ಸರಿಮಾಡುತ್ತಿದ್ದಳು. ಶಾಲೆಯಿಂದ ಬಂದು ನಾನು ಅವಳ ಪಕ್ಕ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೆ. ಬಗ್ಗಿ ಬಗ್ಗಿ ಅವಳ ಸೊಂಟ ಹಿಡಿದುಕೊಂಡಿತ್ತು. ಎದ್ದು ನಿಲ್ಲುವಾಗ ಗೋಡೆ ಹಿಡಿಯುತ್ತಿದ್ದಳು. ನಾನು ಮಾಡಿದ್ದನ್ನು ಅವಳು ತನ್ನ ಮೈಯಲ್ಲಿ ತೀರಿಸುತ್ತಿದ್ದಾಳೆ ಎಂದು ಹನ್ನೊಂದು ವರ್ಷದ ನನಗೆ ಗೊತ್ತಿತ್ತು. ಗೊತ್ತಿದ್ದೂ ದುಂಡಗೆ ಅಂಕಿ ಬರೆಯುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಬಿಟ್ಟು ಮುರಿದು ಹಾರಿತು. ಅಮ್ಮ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದಳು. ಚೂರು ಎಡಗಣ್ಣಿನ ಹುಬ್ಬಿಗೆ ಚುಚ್ಚಿತು. ಮುಖದ ಮೇಲೆ ರಕ್ತ ಇಳಿದು ಕಣ್ಣೇ ಹೋಯಿತು ಅಂದುಕೊಂಡೆ. ಅಪ್ಪ ಬಸ್ಸಿನಲ್ಲಿದ್ದರು, ಪದ್ಮತ್ತೆ ಹುಂಚಕ್ಕೆ ಹೋಗಿದ್ದರು. ಸೆರಗನ್ನು ಒತ್ತಿಹಿಡಿದು, ನನ್ನ ಹೆಗಲ ಮೇಲೆ ಕೈ ಹಾಕಿಕೊಂಡು ಅಮ್ಮ ಡಾಕ್ಟರ ಮನೆಗೆ ನಡೆದಳು. ಎರಡು ಹೊಲಿಗೆ ಬಿತ್ತು. ಕಣ್ಣಿಗೆ ಏನೂ ಆಗಿರಲಿಲ್ಲ. ಡಾಕ್ಟರು ಚೀಟಿ ಬರೆಯಲು ಒಳಗೆ ಹೋದಾಗ ನಾವಿಬ್ಬರೇ ಬೆಂಚಿನ ಮೇಲೆ ಕೂತಿದ್ದೆವು.

"ಅಮ್ಮಾ, ಆಸಿಡ್ಡನ್ನ ನಾನೇ ಮೋರಿಗೆ ಸುರ್ದಿದ್ದು."

ಅಮ್ಮ ಒಂದೇ ಕಣ್ಣಿನಿಂದ ನನ್ನನ್ನು ನೋಡಿದಳು.

"ಯಾವತ್ತು?"

"ಅವತ್ತು. ಡ್ರಮ್ಮಿಗೆ ಹಾಕ್ಲಿಲ್ಲ. ಸೈಕಲ್ಲಿಗೆ ಹೋಗ್ಬೇಕಿತ್ತು."

"ಪೂರ್ತಿ ಕ್ಯಾನಾ?"

"ಪೂರ್ತಿ."

ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು. ಚೀಟಿ ತೆಗೆದುಕೊಂಡು, ಮಾತ್ರೆ ಕೊಂಡು ಮನೆಗೆ ಬಂದಳು. ಸೀದಾ ಹಿತ್ತಿಲಿಗೆ ಹೋದಳು. ಎಷ್ಟೋ ತಿಂಗಳಿಂದ ಖಾಲಿ ಬಿದ್ದುಕೊಂಡಿದ್ದ ನೀಲಿ ಡ್ರಮ್ಮನ್ನು ನೆಟ್ಟಗೆ ನಿಲ್ಲಿಸಿ, ಬಾವಿಯಿಂದ ಕೊಡ ಕೊಡ ನೀರು ಸೇದಿ ತುಂಬಿದಳು. ಒಳಗಡೆ ನೀರಿನ ಮಟ್ಟಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದು, ಅದರೆದುರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ನಾನು ಬಚ್ಚಲ ಬಾಗಿಲಲ್ಲಿ ನಿಂತಿದ್ದೆ. ಬಿಸಿಲು ಗೋಡೆ ಹತ್ತಿ ಹೋಗುವವರೆಗೂ ಅವಳು ಏಳಲಿಲ್ಲ. ಡ್ರಮ್ಮಿನ ಸುತ್ತ ನೆಲ ಒಣಗಿಕೊಂಡೇ ಇತ್ತು. ಗೆರೆಯಿಂದ ನೀರು ಒಂದಿಷ್ಟೂ ಇಳಿಯಲಿಲ್ಲ. ಆ ಬಿರುಕು ಮೇಲ್ಮೈಯ ಗೀರು ಮಾತ್ರ.

"ಸೋರ್ತಾ ಇರ್ಲಿಲ್ಲ" ಅಂದಳು, ನನಗಲ್ಲ. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮತ್ತೆಗೆ ನೀನೇ ಹೇಳ್ಬೇಕು. ನಾನು ಜೊತೆಗೆ ಬರಲ್ಲ" ಅಂದಳು.

ಅಪ್ಪ ಸಂಜೆ ವಿಷಯ ಕೇಳಿ ತಲೆ ಮೇಲೆ ಕೈ ಇಟ್ಟುಕೊಂಡು ಕೂತರು. ಸ್ವಲ್ಪ ಹೊತ್ತಿನ ಮೇಲೆ, ಹಾಗಾದರೆ ಡ್ರಮ್ಮು ಸರಿ ಇದೆಯಲ್ಲ, ಈ ಮಿಷನ್ನಿನ ಒದ್ದಾಟ ಸಾಕು, ಹಳೆಯದನ್ನೇ ಮಾಡು ಅಂದರು. ಅಮ್ಮ ತಲೆಯಾಡಿಸಿದಳು.

"ಮಗು ಕೈಯಲ್ಲಿ ವಿಷ ಕೊಟ್ಟು ಕಳಿಸಿದ್ದು ನಾನಲ್ವಾ? ಗ್ಲೌಸ್ ಹಾಕಿ ಕಳಿಸಿದ್ರೆ ಆಯ್ತು ಅಂದ್ಕೊಂಡಿದ್ದೆ. ಮಿಷನ್ನು ಮುಗಿಸ್ತೀನಿ."

ಮರುದಿನ ಪದ್ಮತ್ತೆ ಅಂಗನವಾಡಿಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ನಾನು ಹೇಳಿಬಿಟ್ಟೆ. ತಡವಾದರೆ ಹೇಳಲಾರೆ ಅಂತ ಹೆದರಿಕೆ. ಅತ್ತೆ ಒಂದು ಚಪ್ಪಲಿ ಕಾಲಲ್ಲಿಟ್ಟುಕೊಂಡೇ ಹೊಸ್ತಿಲ ಮೇಲೆ ಕೂತರು. ಕಪ್ಪೆಗಳ ವಿಷಯ ಎತ್ತುತ್ತಾರೆ, ಪಾಪ ಪುಣ್ಯ ಹೇಳುತ್ತಾರೆ ಅಂದುಕೊಂಡಿದ್ದೆ.

"ಎಂಟು ತಿಂಗ್ಳು" ಅಂದರು. "ಎಂಟು ತಿಂಗ್ಳು ನಾನು ಅವಳನ್ನ ಮನುಷ್ಯಳ ಥರ ನೋಡ್ಲಿಲ್ಲ. ಹುಂಚದಲ್ಲಿ ಕಾಲು ಹಿಡ್ಕೊಂಡ್ಳು. ನಾನು ಎಂತ ಅಂದೆ ಅವಳಿಗೆ? ನೀನು ಕೇಳಿಸ್ಕೊಂಡ್ಯಾ?"

"ಹ್ಞೂಂ."

"ಕೇಳಿಸ್ಕೊಂಡೂ ಸುಮ್ನಿದ್ದಿ."

"ಹ್ಞೂಂ."

ಅತ್ತೆ ನನ್ನನ್ನು ಬೈಯಲಿಲ್ಲ. ಹತ್ತಿರಕ್ಕೂ ಕರೆಯಲಿಲ್ಲ. ಇನ್ನೊಂದು ಚಪ್ಪಲಿ ಬಿಚ್ಚಿಟ್ಟು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಆ ಸಂಜೆ ಅವರ ಸ್ಟವ್ ಹತ್ತಲಿಲ್ಲ. ಅಮ್ಮನೂ ಆ ದಿನಗಳಲ್ಲಿ ನನ್ನ ಜೊತೆ ಮಾತಾಡಲಿಲ್ಲ. ತಟ್ಟೆಗೆ ಬಡಿಸುತ್ತಿದ್ದಳು, ಜಡೆ ಹಾಕುತ್ತಿದ್ದಳು, ಮಾತು ಮಾತ್ರ ಇಲ್ಲ. ಎತ್ತರ ತಗ್ಗುಗಳನ್ನು ತಾನೇ ಬರೆದುಕೊಳ್ಳುತ್ತಿದ್ದಳು. ಸ್ಟೂಲು ಖಾಲಿ ಇರುತ್ತಿತ್ತು. ಈಗ ನನ್ನ ಮಗಳಿಗೆ ಆಗಿನ ನನ್ನ ವಯಸ್ಸು. ಹೇಳಿದ ಕೆಲಸ ಆಯ್ತಾ ಅಂತ ಕೇಳಿದರೆ ಆಯ್ತು ಅನ್ನುತ್ತಾಳೆ. ನಾನು ಎದ್ದು ಹೋಗಿ ನೋಡಿ ಬರುತ್ತೇನೆ. ಅವಳಿಗೆ ಸಿಟ್ಟು ಬರುತ್ತದೆ. ಅವಳ ಮೇಲಿನ ಅನುಮಾನದಿಂದಲ್ಲ ಎಂದು ಹೇಗೆ ಹೇಳುವುದೋ ಇನ್ನೂ ಗೊತ್ತಾಗಿಲ್ಲ.

ನಾಲ್ಕನೆಯ ದಿನ ಸಂಜೆ ಮಿಷನ್ನು ನಡೆಯುತ್ತಿತ್ತು. ಆವತ್ತು ಗೆರೆಗಳು ಎಲ್ಲ ಕಡೆ ಒಂದೇ ಹದದಲ್ಲಿ ಬೀಳುತ್ತಿದ್ದವು. ಅಮ್ಮ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬ್ರಶ್ಶಿನಿಂದ ತಾಮ್ರದ ಹುಡಿಯನ್ನು ಸರಿಸುತ್ತ, ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಮುಂದಿನ ಕೋಣೆಯ ಬಾಗಿಲು ತೆಗೆದು ಪದ್ಮತ್ತೆ ಬಂದರು. ಪ್ಯಾಸೇಜಿನಲ್ಲಿ ಅಮ್ಮನೆದುರು ನಿಂತು ಕೈ ಜೋಡಿಸಿದರು.

"ಸುಜಾತಾ..."

"ನಿಲ್ಲಿ ಅಕ್ಕಾ. ಈಗ ನಿಲ್ಸಿದ್ರೆ ಜಾಗ ತಪ್ತದೆ. ಎಲ್ಲಾ ಹೋಗ್ತದೆ."

ಅತ್ತೆ ನಿಂತರು. ಜೋಡಿಸಿದ ಕೈ ಬಿಡಿಸಲಿಲ್ಲ. ಬಿಟ್ಟು ಆಚೆ ಹೋಗಿ ಈಚೆ ಬಂತು. ಸೊಳ್ಳೆಯಂತೆ ಸಣ್ಣ ದನಿ. ನಾನು ಅಡಿಗೆಮನೆಯ ಬಾಗಿಲಲ್ಲಿ, ಅತ್ತೆ ಆ ತುದಿಯಲ್ಲಿ, ನಡುವೆ ಅಮ್ಮ. ಇಪ್ಪತ್ತು ನಿಮಿಷವಾದರೂ ಆಗಿರಬೇಕು. ಅಂಗನವಾಡಿಯಲ್ಲಿ ದಿನವಿಡೀ ನಿಂತು ಬಂದ ಕಾಲು ಅವರದು. ಒಮ್ಮೆ ಗೋಡೆಗೆ ಹೆಗಲು ಆನಿಸಿದರು, ಮತ್ತೆ ನೆಟ್ಟಗಾದರು. ಬಿಟ್ಟು ಮೇಲೆದ್ದು ನಿಂತಿತು. ಅಮ್ಮ ಬೋರ್ಡನ್ನು ಬಿಡಿಸಿ ಬೆಳಕಿಗೆ ಹಿಡಿದಳು. ಪಂಪಿನ ಪೆಟ್ಟಿಗೆಯ ಬೋರ್ಡು, ಒಂದು ಗೆರೆಯೂ ಕಡಿಯದೆ ಪೂರ್ತಿ ಬಂದಿತ್ತು. ಅವಳ ಮುಖದಲ್ಲಿ ಖುಷಿ ಹೊಳೆದು, ಎದುರಿಗೆ ನಿಂತವರನ್ನು ಕಂಡು ನಿಂತುಹೋಯಿತು.

"ತಪ್ಪಾಯ್ತು ಸುಜಾತಾ. ಕ್ಷಮಿಸು."

ಅಮ್ಮ ಮೂಗಿನ ಬಟ್ಟೆ ಬಿಚ್ಚಿದಳು. ಹುಬ್ಬಿನ ಹೊಲಿಗೆ ಇನ್ನೂ ಹಸಿಯಾಗಿತ್ತು.

"ಇವತ್ತು ನಂಗೆ ಆಗಲ್ಲ ಅಕ್ಕಾ. ಸುಳ್ಳು ಹೇಳ್ಲಾರೆ."

ಪದ್ಮತ್ತೆ ತಲೆ ತಗ್ಗಿಸಿದರು. ಹೊರಟುಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ಬಗ್ಗಿ, ಕಬ್ಬಿಣದ ಕಾಲಿನ ಕೆಳಗೆ ಅಮ್ಮ ಇಟ್ಟಿದ್ದ ಹಂಚಿನ ಚೂರನ್ನು ಮುಟ್ಟಿ ನೋಡಿದರು.

"ಈ ನೆಲ ಸರಿ ಇಲ್ಲ. ನನ್ನ ಕೋಣೇದು ಮಟ್ಟ ಇದೆ. ಗಾಳಿ ಬೆಳಕೂ ಇದೆ. ಅಲ್ಲಿ ಇಟ್ಕೋ."

"ನೀವು?"

"ನಾನು ನಡುಕೋಣೇಲಿ ಪ್ರಭಾ ಪಕ್ಕ ಮಲಗ್ತೀನಿ."

ಅಮ್ಮ ಬೋರ್ಡನ್ನು ತಿರುಗಿಸಿ ಮುರುಗಿಸಿ ನೋಡಿದಳು. ಆಮೇಲೆ ವಯರುಗಳನ್ನು ಒಂದೊಂದಾಗಿ ಬಿಡಿಸಿ ಸುತ್ತಿಟ್ಟಳು. ಕಲ್ಲು ಸೇರಿ ಆ ಮಿಷನ್ನು ಒಬ್ಬರು ಇಬ್ಬರಿಂದ ಏಳುವಂಥದ್ದಲ್ಲ, ಅಪ್ಪ ಬರಲು ಇನ್ನೂ ಹೊತ್ತಿತ್ತು. ಪದ್ಮತ್ತೆ ಸೆರಗು ಸಿಕ್ಕಿಸಿ ಒಂದು ತುದಿ ಹಿಡಿದರು. ಅಮ್ಮ ಇನ್ನೊಂದು ತುದಿ ಹಿಡಿದಳು. ಕಲ್ಲು ಎದ್ದಿತು, ಓಲಾಡಿತು. ನಾನು ಬಾಗಿಲಲ್ಲಿ ಹಾಗೇ ನಿಂತಿದ್ದೆ. ಅಮ್ಮ ನನ್ನ ಮುಖ ನೋಡಲಿಲ್ಲ.

"ಪ್ರಭಾ, ಜಾರ್ತದೆ. ನಡು ಹಿಡಿ. ಎರಡೂ ಕೈ."

ನಾನು ಓಡಿಹೋಗಿ ಎರಡೂ ಕೈ ಕೊಟ್ಟೆ.